ಕುರ್ಚಿಯ ಬೆನ್ನಿಗೆ ವೋಟು ಹಾಕಿದ್ದು ಯಾರು?

ಮತ್ತೆ ಅದೇ ಕುರ್ಚಿ.

ನಿನ್ನೆ ಕೈಗೆ ಬಂದ ಸೂಪರ್‌ಹೀರೋ ಸಂಚಿಕೆಯಲ್ಲಿ ಅಮೆರಿಕದ ಅಧ್ಯಕ್ಷರು ಮೂರು ಪುಟ ಮಾತಾಡುತ್ತಾರೆ. ಮೂರರಲ್ಲೂ ಕಾಣೋದು ಚರ್ಮದ ಕುರ್ಚಿಯ ಬೆನ್ನು, ಪಕ್ಕಕ್ಕೆ ಚಾಚಿದ ಒಂದು ಕೈ, ಕೋಟಿನ ತೋಳಿಗೆ ಎರಡು ಗುಂಡಿ. ತಲೆ ಇಲ್ಲ, ಹೆಸರೂ ಇಲ್ಲ. ಎಲ್ಲರೂ ‘ಮಿಸ್ಟರ್ ಪ್ರೆಸಿಡೆಂಟ್, ಮಿಸ್ಟರ್ ಪ್ರೆಸಿಡೆಂಟ್’ ಅಂತ ಬಡ್ಕೊಳ್ತಿದ್ದಾರೆ, ಅವರು ಕಿಟಕಿ ನೋಡ್ಕೊಂಡು ಕೂತಿದ್ದಾರೆ. ಜಗತ್ತನ್ನೇ ಉಳಿಸುವ ಕಥೆಯಂತೆ. ಒಂದು ಮೂಗು ಬರೆಯೋಕೆ ಧೈರ್ಯ ಇಲ್ಲ.

ಕಾಮಿಕ್ಸ್‌ನಲ್ಲಿ ಅಮೆರಿಕದ ಅಧ್ಯಕ್ಷರ ಮುಖ ಬರೆದಿದ್ದಾರಾ, ಮುಚ್ಚಿದ್ದಾರಾ ಅಂತ ಹುಡುಕೋದು ನನ್ನ ಹಳೇ ಹುಚ್ಚು.

ಈ ಮುಚ್ಚಾಟಕ್ಕೆ ಕಾಮಿಕ್ಸ್ ಕಸುಬಿನಲ್ಲಿ ನಾಲ್ಕು ಸಿದ್ಧ ಉಪಾಯಗಳಿವೆ. ಕುರ್ಚಿಯ ಬೆನ್ನು ಒಂದು. ಹಿಂದೆ ದೊಡ್ಡ ಕಿಟಕಿ ಇಟ್ಟು ಮುಂದಿನ ಮನುಷ್ಯನನ್ನು ಪೂರ್ತಿ ಕಪ್ಪು ಇಂಕಿನಲ್ಲಿ ತುಂಬಿಬಿಡೋದು ಇನ್ನೊಂದು. ಚೌಕದ ಮೇಲಂಚನ್ನು ಸರಿಯಾಗಿ ಟೈ ಗಂಟಿನ ಹತ್ತಿರ ಕತ್ತರಿಸೋದು ಮೂರನೆಯದು. ತೀರಾ ಸೋಮಾರಿಗಳದ್ದು ವೈಟ್‌ಹೌಸಿನ ಹೊರನೋಟ: ಕಟ್ಟಡದ ಚಿತ್ರ ಹಾಕಿ, ಅದರ ಯಾವುದೋ ಕಿಟಕಿಯಿಂದ ಮಾತಿನ ಬಲೂನಿಗೆ ಬಾಲ ಎಳೆದರೆ ಮುಗೀತು. ಒಂದು ಚೌಕದ ಮಟ್ಟಿಗೆ ಇದೆಲ್ಲ ನಡೆಯುತ್ತೆ. ಎರಡನೇ ಪುಟಕ್ಕೆ ಬರುವಾಗ ಕೆಡುತ್ತೆ. ಇಬ್ಬರು ಕೂತು ಮಾತಾಡುವ ದೃಶ್ಯದಲ್ಲಿ ಚಿತ್ರಕಾರನ ಕೈಲಿರುವ ಬಂಡವಾಳವೇ ಎರಡು ಮುಖ. ಒಂದನ್ನು ಕಿತ್ತುಕೊಂಡರೆ ಉಳಿದ ಮುಖವನ್ನೇ ಏಳೆಂಟು ಸಲ ಬರೀಬೇಕು. ಹೀರೋ ಗಂಭೀರ. ಹೀರೋ ಇನ್ನೂ ಗಂಭೀರ. ಹೀರೋ ಎಡಗಡೆಯಿಂದ ಗಂಭೀರ. ಮೂರು ಪುಟ.

ಮುಖ ಬರೆಯೋದು ಅಷ್ಟು ಕಷ್ಟವೇ? ಹಳೆಯ ಕಾಮಿಕ್ಸ್‌ನ ಕಾಗದ ನ್ಯೂಸ್‌ಪ್ರಿಂಟ್, ಬಣ್ಣ ಅಂದರೆ ದಪ್ಪ ದಪ್ಪ ಚುಕ್ಕೆ, ಪುಟಕ್ಕೆ ಆರು ಚೌಕ ಬಂದರೆ ಒಬ್ಬೊಬ್ಬರ ಮುಖ ಅಡಿಕೆಯಷ್ಟೇ. ಆ ಅಡಿಕೆಯಲ್ಲೇ ಅಧ್ಯಕ್ಷರು ಯಾರು ಅಂತ ಗುರುತು ಸಿಗಬೇಕು. ಹಾಗಾಗಿ ತಲೆಗೆ ಎರಡೇ ಎರಡು ಗುರುತು ಸಾಕು ಅಂತ ಇಟ್ಕೊಂಡಿದ್ದರು. ರೂಸ್‌ವೆಲ್ಟ್ ಅಂದರೆ ಮೂಗಿಗೆ ಸಿಕ್ಕಿಸುವ ಕನ್ನಡಕ, ಸಿಗರೇಟಿನ ಉದ್ದ ಹೋಲ್ಡರು. ನಿಕ್ಸನ್ ಅಂದರೆ ತುದಿ ಮೇಲೆದ್ದ ಮೂಗು, ಜೋತ ಕೆನ್ನೆ. ರೇಗನ್ ಅಂದರೆ ಆ ಎತ್ತಿ ಬಾಚಿದ ಕ್ರಾಪು. ಇಷ್ಟಿದ್ದರೆ ಎಂಟು ವರ್ಷದ ಹುಡುಗನೂ ಗುರುತು ಹಿಡೀತಿದ್ದ.

ಕ್ಯಾಪ್ಟನ್ ಅಮೆರಿಕ ಅನ್ನೋ ಸೈನಿಕ ಹೀರೋನ ಮೊಟ್ಟಮೊದಲ ಸಂಚಿಕೆ, 1941ರ ಮಾರ್ಚ್ ದಿನಾಂಕದ್ದು. ಅದರ ಮುಖಪುಟದಲ್ಲಿ ಹಿಟ್ಲರನ ದವಡೆಗೆ ಬಿದ್ದ ಗುದ್ದು ಎಲ್ಲರಿಗೂ ಗೊತ್ತು. ಒಳಗೆ ಆರಂಭದಲ್ಲೇ ರೂಸ್‌ವೆಲ್ಟ್ ಇದ್ದಾರೆ ಅನ್ನೋದು ಎಷ್ಟು ಜನಕ್ಕೆ ಗೊತ್ತು? ಸೈನ್ಯದೊಳಗೆ ಗೂಢಚಾರರು ನುಗ್ಗಿದ್ದಾರೆ ಅಂತ ಅಧಿಕಾರಿಗಳು ಬಂದು ಅಳ್ತಾರೆ. ಏನ್ರಪ್ಪಾ, ಕಾಮಿಕ್ಸ್‌ನಿಂದ ಹ್ಯೂಮನ್ ಟಾರ್ಚ್‌ನನ್ನು ಕರೆಸಿ ಸೇನೆಗೆ ಹಾಕ್ಕೊಳ್ಳೋಣವಾ ಎಂಬ ಧಾಟಿಯಲ್ಲಿ ಅಧ್ಯಕ್ಷರು ತಮಾಷೆ ಮಾಡ್ತಾರೆ. ಜೋ ಸೈಮನ್, ಜ್ಯಾಕ್ ಕರ್ಬಿ ಇದನ್ನು ಮಾಡಿದಾಗ ಅಮೆರಿಕ ಇನ್ನೂ ಯುದ್ಧಕ್ಕೆ ಇಳಿದೇ ಇರಲಿಲ್ಲ. ಪರ್ಲ್ ಹಾರ್ಬರ್ ಮೇಲೆ ಜಪಾನಿನ ದಾಳಿ ಆಗಿದ್ದು 1941ರ ಡಿಸೆಂಬರ್ 7ಕ್ಕೆ, ಈ ಪುಸ್ತಕ ಅಂಗಡಿಗೆ ಬಂದು ಹತ್ತಿರಹತ್ತಿರ ಒಂದು ವರ್ಷವಾದ ಮೇಲೆ. ಹಾಲಿ ಅಧ್ಯಕ್ಷರ ಮುಖ, ಬಾಯಲ್ಲಿ ಜೋಕು, ಹೊರಗೆ ಹಿಟ್ಲರನಿಗೆ ಗುದ್ದು. ಕುರ್ಚಿಯ ಬೆನ್ನು ಎಲ್ಲಿತ್ತು ಆಗ?

ಕೆನಡಿ ವಿಷಯಕ್ಕೆ ಬರ್ತೀನಿ. ಅದಕ್ಕೆ ಮುಂಚೆ, ಹಳೇ ಸಂಚಿಕೆ ಹುಡುಕುವವರು ಯಾವಾಗಲೂ ಎಡವುವ ಒಂದು ಜಾಗ. ಮುಖಪುಟದಲ್ಲಿ ಅಚ್ಚಾಗಿರುವ ತಿಂಗಳು ಪುಸ್ತಕ ಮಾರಾಟಕ್ಕೆ ಬಂದ ತಿಂಗಳಲ್ಲ. ಪೇಪರ್ ಅಂಗಡಿಯವನು ಅದನ್ನು ಸ್ಟ್ಯಾಂಡಿನಿಂದ ಎತ್ತಿ ವಾಪಸ್ ಕಳಿಸಬೇಕಾದ ತಿಂಗಳು. ಹಾಗಾಗಿ ದಿನಾಂಕ ಎರಡು-ಮೂರು ತಿಂಗಳು ಮುಂದಿರುತ್ತೆ. ಇದು ಗೊತ್ತಿಲ್ಲದೆ ‘ಕೆನಡಿ ತೀರಿಕೊಂಡ ಮೇಲೂ ಕಾಮಿಕ್ಸ್‌ನವರಿಗೆ ಸುದ್ದಿ ತಲುಪಿರಲಿಲ್ಲ’ ಅಂತ ನಗುವವರಿದ್ದಾರೆ.

ಆ್ಯಕ್ಷನ್ ಕಾಮಿಕ್ಸ್ 309, ದಿನಾಂಕ 1964ರ ಫೆಬ್ರವರಿ. ಟಿವಿ ಕಾರ್ಯಕ್ರಮವೊಂದರಲ್ಲಿ ಸೂಪರ್‌ಮ್ಯಾನ್ ಮತ್ತು ಕ್ಲಾರ್ಕ್ ಕೆಂಟ್ ಇಬ್ಬರೂ ಒಟ್ಟಿಗೆ ಕಾಣಿಸಿಕೊಳ್ಳಬೇಕು. ಇಬ್ಬರೂ ಒಬ್ಬನೇ ಆದ್ದರಿಂದ ಕ್ಲಾರ್ಕ್ ವೇಷಕ್ಕೆ ಇನ್ನೊಬ್ಬ ಬೇಕು, ಯಾವಾಗಲೂ ಕೈಹಿಡಿಯುವವರು ಯಾರೂ ಈ ಸಲ ಆಗಿಬರಲ್ಲ. ಕೊನೆಗೆ ಕ್ಲಾರ್ಕ್‌ನ ವೇಷ, ಕ್ಲಾರ್ಕ್‌ನ ಕನ್ನಡಕ ಹಾಕಿಕೊಂಡು ವೇದಿಕೆಗೆ ಬಂದವರು ಯಾರು ಅಂತ ಕಥೆ ಬಿಚ್ಚಿಡುತ್ತೆ: ಜಾನ್ ಕೆನಡಿ. ಅಮೆರಿಕದ ಅಧ್ಯಕ್ಷರನ್ನೇ ನಂಬದಿದ್ದರೆ ಇನ್ನು ಯಾರನ್ನು ನಂಬಲಿ ಅಂತ ಸೂಪರ್‌ಮ್ಯಾನ್ ಕಡೆಗೆ ಹೇಳ್ತಾನೆ. ಈ ಪುಸ್ತಕ ಅಂಗಡಿಗೆ ಬಂದಿದ್ದು 1963ರ ನವೆಂಬರ್ 22ರ ಕೊಲೆಯಾದ ಮೇಲೆ. ಅಚ್ಚಾಗಿ ಹೊರಟ ಸರಕು, ಹಿಂದಕ್ಕೆ ಕರೆಯೋ ಹಾಗಿರಲಿಲ್ಲ. ಇಡೀ ಅಮೆರಿಕ ಟಿವಿಯಲ್ಲಿ ಶವಯಾತ್ರೆ ನೋಡಿ ಆಗಿತ್ತು, ಮೂಲೆಯಂಗಡಿಯ ಸ್ಟ್ಯಾಂಡಿನಲ್ಲಿ ಕ್ಲಾರ್ಕ್ ಕೆಂಟ್ ವೇಷದ ಕೆನಡಿ. ಅದನ್ನು ಹನ್ನೆರಡು ಸೆಂಟು ಕೊಟ್ಟು ಒಯ್ದ ಮಕ್ಕಳಿಗೆ ಈಗ ಎಪ್ಪತ್ತು ದಾಟಿದೆ. ಅವರಲ್ಲಿ ಒಬ್ಬರನ್ನು ಕೇಳಿ ನೋಡಿ, ಆ ಚೌಕ ಮರೆತಿರಲ್ಲ. ಕುರ್ಚಿಯ ಬೆನ್ನನ್ನು ಯಾರು ನೆನಪಿಟ್ಕೊಳ್ತಾರೆ?

ಈಗ ಬರುತ್ತೆ ನೋಡಿ ಬುದ್ಧಿವಂತರ ವಾದ: ‘ನೀನು ಹೇಳಿದ್ದೇ ಸಾಕ್ಷಿ. ಮುಖ ಬರೆದರೆ ಹೀಗೇ ಎಡವಟ್ಟಾಗುತ್ತೆ.’ ಒಪ್ಪಿದೆ, ಲೆಕ್ಕ ಕಷ್ಟದ್ದೇ. ಒಂದು ಸಂಚಿಕೆಗೆ ಇಪ್ಪತ್ತು ಚಿಲ್ಲರೆ ಪುಟ. ಪೆನ್ಸಿಲಿನಲ್ಲಿ ಚಿತ್ರ ಬರೆಯುವವರು ದಿನಕ್ಕೊಂದು ಪುಟ ಮುಗಿಸಿದರೆ ದೊಡ್ಡದು. ಆಮೇಲೆ ಇಂಕು, ಬಣ್ಣ, ಅಕ್ಷರ, ಅಚ್ಚು. ಅಂಗಡಿಗಳು ಕ್ಯಾಟಲಾಗ್ ನೋಡಿ ಎರಡು ತಿಂಗಳ ಮುಂಚೆಯೇ ಆರ್ಡರ್ ಕೊಡಬೇಕು. ಚುನಾವಣೆ ನವೆಂಬರ್‌ನಲ್ಲಿ, ಪ್ರಮಾಣವಚನ ಜನವರಿ 20ಕ್ಕೆ. ಜನವರಿಯ ಕಥೆಯ ಸ್ಕ್ರಿಪ್ಟ್ ಬರೆಯುವಾಗ ಗೆದ್ದವರು ಯಾರು ಅಂತಲೇ ಗೊತ್ತಿರಲ್ಲ.

ಸರಿ, ಮತ್ತೆ ಸ್ಪೈಡರ್‌ಮ್ಯಾನ್ 583 ಹೇಗಾಯ್ತು? ಒಬಾಮ ಗೆದ್ದಿದ್ದು 2008ರ ನವೆಂಬರ್ 4ಕ್ಕೆ. ಪುಸ್ತಕ ಬಂದಿದ್ದು 2009ರ ಜನವರಿ 14ಕ್ಕೆ, ಪ್ರಮಾಣವಚನಕ್ಕೆ ಆರು ದಿನ ಮುಂಚೆ. ಕಥೆಯೇ ಆ ಸಮಾರಂಭದ್ದು: ಕಮೀಲಿಯನ್ ಅನ್ನುವ ಬಹುರೂಪಿ ಖಳ ಒಬಾಮ ವೇಷದಲ್ಲಿ ನುಗ್ತಾನೆ, ನಿಜವಾದವರು ಯಾರು ಅಂತ ಪತ್ತೆ ಮಾಡೋಕೆ ಸ್ಪೈಡರ್‌ಮ್ಯಾನ್ ಬಾಸ್ಕೆಟ್‌ಬಾಲ್ ವಿಷಯ ಎತ್ತುತ್ತಾನೆ. ಮಾಡಿದ ಉಪಾಯ ಸರಳ. ಮುಖ್ಯ ಕಥೆಯನ್ನು ಮುಟ್ಟಲೇ ಇಲ್ಲ. ಕೊನೆಗೆ ಐದು ಪುಟದ ಬೇರೆ ಕಥೆ ಅಂಟಿಸಿದರು. ಐದು ಪುಟಕ್ಕೆ ಎರಡು ತಿಂಗಳು ಧಾರಾಳ. ಐದನೇ ಮುದ್ರಣ ಮುಟ್ಟಿತು ಅದು. (ಹಳೇ ಪುಸ್ತಕ ಕೊಳ್ಳುವವರಿಗೆ: ಒಬಾಮ ಮುಂದೆ ನಿಂತಿರುವ ಮುಖಪುಟ ಬೇರೆ ಬೇರೆ ಹಿನ್ನೆಲೆ ಬಣ್ಣದಲ್ಲಿ ಬಂದಿದೆ. ಮೊದಲ ಮುದ್ರಣವೋ ಅಲ್ಲವೋ ಅಂತ ಒಳಗಿನ ಸಣ್ಣಕ್ಷರ ಓದಿಯೇ ದುಡ್ಡು ಕೊಡಿ.) ಕಾಸಿಗಾಗಿ ಮಾಡಿದ್ದು ಅಂತೀರಾ? ಹೌದು. ಕಾಸು ಕಂಡರೆ ಮುಖ ಬರೆಯೋಕೆ ಬರುತ್ತೆ, ಇಲ್ಲದಿದ್ದರೆ ಕುರ್ಚಿ. ನಾನು ಹೇಳ್ತಿರೋದೂ ಅದನ್ನೇ.

ಇಲ್ಲಿ ಒಂದು ತಪ್ಪೊಪ್ಪಿಗೆ. ಮುಖ ಮುಚ್ಚಿದ್ದರೂ ನಾನು ತಲೆಬಾಗುವ ಒಂದು ಕಥೆ ಇದೆ. ಕ್ಯಾಪ್ಟನ್ ಅಮೆರಿಕ 175, 1974ರ ಜುಲೈ ದಿನಾಂಕದ್ದು. ಬರೆದವರು ಸ್ಟೀವ್ ಎಂಗಲ್‌ಹಾರ್ಟ್, ಚಿತ್ರ ಸಾಲ್ ಬುಸೆಮಾ ಅವರದು. ಸೀಕ್ರೆಟ್ ಎಂಪೈರ್ ಅನ್ನುವ ಗುಪ್ತಸಂಘದ ನಾಯಕ ‘ನಂಬರ್ ಒನ್’ ವೈಟ್‌ಹೌಸಿನೊಳಕ್ಕೆ ಓಡ್ತಾನೆ, ಕ್ಯಾಪ್ಟನ್ ಅಟ್ಟಿಸಿಕೊಂಡು ಹೋಗಿ ಮುಸುಕು ಕಿತ್ತುಹಾಕ್ತಾನೆ. ಮುಖ ನಮಗೆ ಕಾಣಲ್ಲ, ಕಾಣೋದು ಅದನ್ನು ನೋಡಿದ ಕ್ಯಾಪ್ಟನ್‌ನ ಮುಖ. ಎಷ್ಟೇ ದೊಡ್ಡ ಹುದ್ದೆಯಿದ್ದರೂ ಕಾನೂನು ಕೈಕಟ್ಟುತ್ತಿತ್ತು ಅಂತ ಗೊಣಗಿ ಆ ಮನುಷ್ಯ ಗುಂಡು ಹಾರಿಸಿಕೊಳ್ತಾನೆ. ಅದಕ್ಕೂ ಮುಂಚಿನ ಸಂಚಿಕೆಗಳಲ್ಲಿ ಕ್ಯಾಪ್ಟನ್ ವಿರುದ್ಧ ಅಪಪ್ರಚಾರ ಮಾಡುವ ಸಮಿತಿಯ ಮುಖ್ಯಸ್ಥನ ಹೆಸರು ಹಾರ್ಡರ್‌ಮನ್. ನಿಜವಾದ ವೈಟ್‌ಹೌಸಿನಲ್ಲಿ ನಿಕ್ಸನ್‌ರ ಬಲಗೈ ಹಾಲ್ಡೆಮನ್. ಇಷ್ಟು ಸುಳಿವು ಕೊಟ್ಟ ಮೇಲೆ ಮೂಗು ಬರೆದರೇನು ಬಿಟ್ಟರೇನು! ಅದು ನಿಕ್ಸನ್ನೇ ಎಂದು ಎಂಗಲ್‌ಹಾರ್ಟ್ ಆಮೇಲೆ ಹೇಳಿಯೂ ಇದ್ದಾರೆ. ಪುಸ್ತಕ ಅಂಗಡಿಗೆ ಬಂದಾಗ ನಿಕ್ಸನ್ ಇನ್ನೂ ಕುರ್ಚಿಯಲ್ಲೇ ಇದ್ದರು, ವಾಟರ್‌ಗೇಟ್ ಹಗರಣದಿಂದಾಗಿ ಇಳಿದಿದ್ದು ಆಗಸ್ಟ್ 9ಕ್ಕೆ. ಕ್ಯಾಪ್ಟನ್ ಸಮವಸ್ತ್ರ ಬಿಚ್ಚಿಟ್ಟು, 180ನೇ ಸಂಚಿಕೆಯಲ್ಲಿ ‘ನೋಮ್ಯಾಡ್’ ಅಂತ ಹೊಸ ವೇಷ ಹಾಕ್ಕೊಂಡು ಅಲೆದ. ಅಲ್ಲಿ ನೆರಳು ಬೆರಳು ತೋರಿಸುತ್ತೆ. ನಿನ್ನೆ ನಾನು ನೋಡಿದ ನೆರಳು ಬೆರಳನ್ನು ಜೇಬಿನೊಳಗೆ ಇಟ್ಕೊಂಡಿದೆ.

ರೇಗನ್ ಕಾಲಕ್ಕೆ ಆ ನಾಚಿಕೆಯೂ ಹೋಯ್ತು. 1986ರ ಬ್ಯಾಟ್‌ಮ್ಯಾನ್ ಕಥೆ ‘ಡಾರ್ಕ್ ನೈಟ್ ರಿಟರ್ನ್ಸ್’ನಲ್ಲಿ ಹೆಸರಿಲ್ಲ, ಆದರೆ ಆ ಸುಕ್ಕು, ಆ ಕ್ರಾಪು, ಕುದುರೆ ಪಳಗಿಸುವ ರ‍್ಯಾಂಚಿನ ಭಾಷೆ. ಸೂಪರ್‌ಮ್ಯಾನ್‌ನನ್ನು ಕರೆದು ಬ್ಯಾಟ್‌ಮ್ಯಾನ್‌ಗೆ ಲಗಾಮು ಹಾಕು ಅಂತಾರೆ. 1988ರ ಕ್ಯಾಪ್ಟನ್ ಅಮೆರಿಕ 344ರಲ್ಲಂತೂ ವೈಪರ್ ಎಂಬಾಕೆ ವಾಷಿಂಗ್ಟನ್ನಿನ ನೀರಿಗೆ ವಿಷ ಬೆರೆಸಿ, ರೇಗನ್ ಹಾವು-ಮನುಷ್ಯ ಆಗಿ, ವೈಟ್‌ಹೌಸಿನೊಳಗೇ ಕ್ಯಾಪ್ಟನ್ ಅಮೆರಿಕ ಆಗಿದ್ದ ಸ್ಟೀವ್ ರಾಜರ್ಸ್ ಮೇಲೆ ಬೀಳ್ತಾರೆ. ಹಾಲಿ ಅಧ್ಯಕ್ಷರು, ಮೈಮೇಲೆ ಚಿಪ್ಪು, ಬಾಯಲ್ಲಿ ಕೋರೆಹಲ್ಲು! ಅಮೆರಿಕ ಮುಳುಗಲಿಲ್ಲ, ಅದನ್ನು ಅಚ್ಚು ಹಾಕಿದ ಮಾರ್ವೆಲ್ ಕಂಪನಿಯೂ ಮುಳುಗಲಿಲ್ಲ.

ಇನ್ನೊಂದು ವಾದ: ಪಾತ್ರಗಳಿಗೆ ವಯಸ್ಸಾಗಲ್ಲ, ನಿಜವಾದ ಅಧ್ಯಕ್ಷರನ್ನು ತಂದರೆ ಕಥೆ ಒಂದು ವರ್ಷಕ್ಕೆ ಮೊಳೆ ಹೊಡೆದ ಹಾಗೆ. ಐರನ್ ಮ್ಯಾನ್ ಆಗುವ ಟೋನಿ ಸ್ಟಾರ್ಕ್ ಗಾಯಗೊಂಡ ಜಾಗವನ್ನು ವಿಯೆಟ್ನಾಂನಿಂದ ಅಫ್ಘಾನಿಸ್ತಾನಕ್ಕೆ ಎತ್ತಿಟ್ಟಿದ್ದು ಇದಕ್ಕೇ. ಆಗಲಿ. ಹಾಗಾದರೆ ಡಯಲ್ ತಿರುಗಿಸುವ ಫೋನನ್ನೂ ಕಪ್ಪು ಇಂಕಿನಲ್ಲಿ ಮುಚ್ಚಿ ಸ್ವಾಮಿ, ಅದೂ ವರ್ಷ ಹೇಳುತ್ತೆ.

ನಿಜವಾದವರು ಬೇಡವೇ, ಸುಳ್ಳು ಅಧ್ಯಕ್ಷನನ್ನಾದರೂ ನೆಟ್ಟಗೆ ಕೂರಿಸಿ. 2000ದಲ್ಲಿ ಸೂಪರ್‌ಮ್ಯಾನ್ ಪ್ರಕಾಶಕರಾದ ಡಿಸಿಯವರು ಅದನ್ನೇ ಮಾಡಿದರು. ಆ ವರ್ಷದ ನಿಜವಾದ ಚುನಾವಣೆಯಲ್ಲಿ ಬುಷ್-ಗೋರ್ ನಡುವಿನ ಫ್ಲೋರಿಡಾದ ಮತ ಎಣಿಕೆ ಜಗಳ ಸುಪ್ರೀಂ ಕೋರ್ಟಿನಲ್ಲಿ ಡಿಸೆಂಬರ್ 12ಕ್ಕೆ ಮುಗೀತು. ಕಾಮಿಕ್ಸ್‌ನಲ್ಲಿ ಸೂಪರ್‌ಮ್ಯಾನ್‌ನ ಹಳೇ ವೈರಿ, ಟುಮಾರೋ ಪಾರ್ಟಿಯ ಲೆಕ್ಸ್ ಲೂಥರ್ ಗೆದ್ದು ಬೋಳುತಲೆ ಮಿಂಚಿಸ್ತಾ ಓವಲ್ ಆಫೀಸಿಗೆ ಹೋದ. ನಮ್ಮಲ್ಲಿ ಇಂದ್ರಜಾಲ ಕಾಮಿಕ್ಸ್ ಓದಿದವರಿಗೆ ‘ಅಧ್ಯಕ್ಷ’ ಅಂದರೆ ಮೊದಲು ನೆನಪಾಗೋದು ಫ್ಯಾಂಟಮ್‌ನ ಗೆಳೆಯ ಡಾಕ್ಟರ್ ಲಮಾಂಡಾ ಲುವಾಗಾ. ಭೂಪಟದಲ್ಲೇ ಇಲ್ಲದ ದೇಶದ ಅಧ್ಯಕ್ಷರು, ಅವರಿಗೂ ಒಂದು ಮುಖ, ಒಂದು ಹೆಸರು, ಹೆಸರಿನ ಮುಂದೆ ಒಂದು ಡಿಗ್ರಿ!

ಕೆನಡಿಯವರದ್ದು ಇನ್ನೊಂದು ಬಾಕಿ ಇದೆ. ಮಕ್ಕಳು ವ್ಯಾಯಾಮ ಮಾಡಲಿ ಅಂತ ವೈಟ್‌ಹೌಸ್ ಜೊತೆ ಸೇರಿ ತಯಾರಿಸಿದ ಹತ್ತು ಪುಟದ ಸೂಪರ್‌ಮ್ಯಾನ್ ಕಥೆ. ಕೊಲೆಯಾದ ಮೇಲೆ ಅದನ್ನು ಬದಿಗಿಟ್ಟರು. ಮುಂದಿನ ಅಧ್ಯಕ್ಷ ಜಾನ್ಸನ್‌ರ ವೈಟ್‌ಹೌಸ್ ಕಡೆಯಿಂದಲೇ ಪ್ರಕಟಿಸಿ ಅಂತ ಮಾತು ಬಂದು, 1964ರ ಜುಲೈ ದಿನಾಂಕದ ಸೂಪರ್‌ಮ್ಯಾನ್ 170ರಲ್ಲಿ ಬಂತು. ಚಿತ್ರ ಆಲ್ ಪ್ಲಾಸ್ಟಿನೋ ಅವರದು. ಮೂಲಚಿತ್ರಗಳನ್ನು ಕೆನಡಿ ಗ್ರಂಥಾಲಯಕ್ಕೆ ಕೊಡ್ತೀವಿ ಅಂತ ಅದರಲ್ಲೇ ಅಚ್ಚು ಹಾಕಿದ್ದರು. ಅಲ್ಲಿಗೆ ಹೋಗಿರಲೇ ಇಲ್ಲ ಅಂತ ಪ್ಲಾಸ್ಟಿನೋ ಅವರಿಗೆ ಗೊತ್ತಾಗಿದ್ದು 2013ರಲ್ಲಿ, ಆ ಹಾಳೆಗಳು ಹರಾಜಿಗೆ ಬಂದಾಗ. ತೊಂಬತ್ತೊಂದು ವರ್ಷದ ಮುದುಕರು ಗಲಾಟೆ ಎಬ್ಬಿಸಿದರು, ಅದೇ ನವೆಂಬರ್‌ನಲ್ಲಿ ತೀರಿಕೊಂಡರು. ಕೊನೆಗೆ ಡಿಸಿಯವರೇ ಕೊಂಡು ಗ್ರಂಥಾಲಯಕ್ಕೆ ಸೇರಿಸಿದರು. ಅದರ ಮೊದಲ ಪುಟದಲ್ಲಿ ಸೂಪರ್‌ಮ್ಯಾನ್ ವಾಷಿಂಗ್ಟನ್ ಮೇಲೆ ಹಾರ್ತಿದ್ದಾನೆ, ಆಕಾಶದಲ್ಲಿ ತೆಳುವಾಗಿ ಕೆನಡಿ. ತೀರಿಕೊಂಡವರು, ಬರೀ ಗೆರೆಯಲ್ಲಿ ಉಳಿದವರು. ಮುಖ ಮಾತ್ರ ನಮ್ಮ ಕಡೆಗೇ ಇದೆ.