ಮಂಗಟ್ಟೆಯ ಬಾಣಂತನ

ಮಣಿಪಾಲದಲ್ಲಿ ಬೆಳಿಗ್ಗೆ ಯಾರೋ ಮರದ ಮೇಲೆ ಕೂತು ಗಹಗಹಿಸಿ ನಕ್ಕ ಹಾಗೆ ಕೇಳಿಸಿದರೆ ಗಾಬರಿ ಬೇಡ. ಅದು ಮಂಗಟ್ಟೆ. ಬೂದು ಬಣ್ಣ, ಉದ್ದ ಬಾಲ, ತಲೆಗೆ ಸ್ವಲ್ಪ ಜಾಸ್ತಿಯೇ ಆಯಿತು ಅನ್ನಿಸುವ ಕೊಕ್ಕು. ಘಟ್ಟದ ಕಾಡಿನ ದೊಡ್ಡ ಮಂಗಟ್ಟೆಗೆ ಕೊಕ್ಕಿನ ಮೇಲೊಂದು ಹಳದಿ ಕಿರೀಟ ಉಂಟು, ಕ್ಯಾಮೆರಾದವರೆಲ್ಲ ಅದರ ಹಿಂದೆ. ನಮ್ಮ ಬೂದು ಮಂಗಟ್ಟೆಗೆ ಕಿರೀಟವೂ ಇಲ್ಲ, ಪ್ರಚಾರವೂ ಇಲ್ಲ. ಆದರೆ ಪಶ್ಚಿಮ ಘಟ್ಟ ಮತ್ತು ಅದರ ಆಸುಪಾಸು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇದು ಕಾಣಸಿಗುವುದಿಲ್ಲ.

ಗೋಳಿ ಮರ ಹಣ್ಣು ಬಿಟ್ಟಾಗ ಇದರ ಊಟ ನೋಡಬೇಕು. ಕೊಕ್ಕು ಉದ್ದ, ನಾಲಿಗೆ ಗಿಡ್ಡ. ತುದಿಯಲ್ಲಿ ಹಿಡಿದ ಹಣ್ಣನ್ನು ಮೇಲಕ್ಕೆ ಎಸೆದು ಗಂಟಲಿಗೇ ಬೀಳಿಸಿಕೊಳ್ಳುತ್ತದೆ. ದೊಡ್ಡ ಬೀಜವನ್ನು ಆಮೇಲೆ ಬೇರೆಲ್ಲೋ ಕೂತು ಉಗುಳುತ್ತದೆ.

ಬಾಣಂತನ ಮಾತ್ರ ಇದರದ್ದೇ ಕ್ರಮ. ಚಳಿ ಮುಗಿಯುವ ಹೊತ್ತಿಗೆ ಹೆಣ್ಣು ಮರದ ಪೊಟರೆ ಹೊಕ್ಕು, ತನ್ನ ಹಿಕ್ಕೆಯನ್ನೇ ಮೆತ್ತಿ ಬಾಗಿಲು ಮುಚ್ಚಿಕೊಳ್ಳುತ್ತದೆ. ಕೊಕ್ಕು ತೂರುವಷ್ಟು ಸೀಳು ಉಳಿಯುತ್ತದೆ. ಅಲ್ಲಿಂದ ಗಂಡಿನ ಡ್ಯೂಟಿ ಶುರು. ಗಂಟಲಲ್ಲಿ ಹಣ್ಣು ತುಂಬಿಕೊಂಡು ಬಂದು, ಒಂದೊಂದೇ ಹೊರತೆಗೆದು ಸೀಳಿನಲ್ಲಿ ಕೊಡುತ್ತದೆ. ಮರಿಗಳಿಗೆ ಹುಳ, ಹಲ್ಲಿಯೂ ಬರುತ್ತದೆ. ಇದನ್ನು ಜೈಲು ಅನ್ನುವವರಿದ್ದಾರೆ. ತಾಯಿಯ ತ್ಯಾಗ ಅಂತ ಕಣ್ಣೊರೆಸಿಕೊಳ್ಳುವವರೂ ಇದ್ದಾರೆ. ನನಗೆ ಎರಡೂ ಒಪ್ಪಿಗೆಯಿಲ್ಲ. ಬಾಗಿಲು ಹಾಕಿಕೊಂಡವಳು ಅವಳೇ ಅಲ್ವಾ? ಕಳ್ಳಕಾಕರ ಭಯವಿಲ್ಲ, ಊಟ ಬಾಗಿಲಿಗೇ ಬರುತ್ತದೆ. ಆ ರಜೆಯಲ್ಲೇ ಹಳೇ ರೆಕ್ಕೆಗರಿ ಉದುರಿಸಿ ಹೊಸತು ಬೆಳೆಸಿಕೊಳ್ಳುತ್ತಾಳೆ. ಕಸವನ್ನೂ ಸೀಳಿನಿಂದಲೇ ಹೊರಗೆಸೆಯುತ್ತಾಳೆ. ಬೇಸರವೇನಿದ್ದರೂ ಆ ಗಂಡಿಗೆ.

ತೊಂದರೆ ಇರುವುದು ಮನೆ ಸಿಗುವುದರಲ್ಲಿ. ಮರಕುಟಿಗನಿಗೆ ಬರುವ ಕೊರೆಯುವ ಕೆಲಸ ಇದಕ್ಕೆ ಬರುವುದಿಲ್ಲ. ಕೊಂಬೆ ಮುರಿದು, ಒಳಗೆ ಕೊಳೆತು, ತಾನಾಗಿ ಆದ ಪೊಟರೆಯೇ ಬೇಕು. ಅದಿರುವುದು ವಯಸ್ಸಾದ ದೊಡ್ಡ ಮರದಲ್ಲಿ. ನಮ್ಮ ಲೆಕ್ಕದಲ್ಲಿ ಅಂಥದ್ದು ಅಪಾಯದ ಮರ.

ನೆರೆಮನೆಯ ಶೆಟ್ರ ಅಂಗಳದಲ್ಲಿ ಹಾಗೊಂದು ಕಾಟುಮಾವು ಉಂಟು. "ಒಳಗೆಲ್ಲ ಟೊಳ್ಳು ಮಾರಾಯ್ರೆ, ಮಳೆಗಾಲಕ್ಕೆ ಮೊದಲೇ ಕಡಿಸುವ" ಅಂದರು. ಅವರು ಹೇಳಿದ್ದು ತಪ್ಪಲ್ಲ, ಮರದಡಿ ನಿಲ್ಲುವುದು ಅವರದೇ ಕಾರು. "ಬಾಣಂತಿ ಇದ್ದಾಳೆ ಶೆಟ್ರೆ, ಮೇ ಕಳೆಯಲಿ" ಅಂದೆ. ಕತ್ತೆತ್ತಿ ನೋಡಿದರು. ಸುಮ್ನೆ ಒಳಗೆ ಹೋದರು. ಈಗ ಕಾರು ನಮ್ಮ ಗೇಟಿನೆದುರು ನಿಲ್ಲುತ್ತದೆ. ಪೊಟರೆಯ ಬಾಡಿಗೆ ಯಾರು ಕೊಡುವುದು ಅಂತ ಶೆಟ್ರು ಕೇಳುವುದು ನನ್ನನ್ನೇ.