ಆಟೋದವನು ಬಿಲ್ ಕೊಡಲ್ಲ ಸ್ವಾಮಿ

ಕಿರು ಅನುದಾನಕ್ಕೆ ಮತ್ತೆ ಅರ್ಜಿ ಕರೆದಿದ್ದಾರೆ. ಹೋದ ವರ್ಷ ನಮ್ಮ ಬಡಾವಣೆಯ ಸಂಘಕ್ಕೂ ಬಂದಿತ್ತು, 25,000 ರೂಪಾಯಿ. ದೊಡ್ಡ ಕಂಪನಿಯೊಂದರ ಸಿಎಸ್‌ಆರ್ ದುಡ್ಡು, ಅಂದರೆ ಸಾಮಾಜಿಕ ಹೊಣೆಗಾರಿಕೆಯ ಹೆಸರಿನಲ್ಲಿ ಕೊಡುವ ದುಡ್ಡು. ಉದ್ದೇಶ, ‘ಪ್ರಾತಿನಿಧ್ಯ ವಂಚಿತ ಸಮುದಾಯಗಳ ಸ್ವಯಂಸೇವಕರನ್ನು ಒಳಗೊಳ್ಳುವುದು’. ನಮ್ಮ ಕಾರ್ಯದರ್ಶಿಗಳು ಅದನ್ನು ಮೂರು ಸಲ ಓದಿ, ‘ಅಂದ್ರೆ ನಮ್ಮಂಥವರನ್ನು ಬಿಟ್ಟು ಬೇರೆಯವರನ್ನೂ ಸೇರಿಸ್ಕೊಳ್ಳಿ ಅಂತ’ ಎಂದು ಬಿಡಿಸಿ ಹೇಳಿದರು. ಸಭೆಯಲ್ಲಿ ಪಿಟಕ್ಕೆಂಬ ಸದ್ದಿಲ್ಲ. ಆಮೇಲೆ ಯಾರೋ, ‘ಫೋಟೊಗೆ ತಾನೇ?’ ಅಂದರು. ಎಲ್ಲರಿಗೂ ಹೋದ ಜೀವ ಬಂತು.

2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಮಹಿಮೆ ನಿಮಗೆ ಗೊತ್ತೇ ಇದೆ. ದೊಡ್ಡ ಕಂಪನಿಗಳು ಲಾಭದಲ್ಲಿ ಶೇ 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು. ಹಾಗಾಗಿ ಮಾರ್ಚ್ ಬಂತೆಂದರೆ ಸಮಾಜದ ಮೇಲೆ ಎಲ್ಲಿಲ್ಲದ ಅಕ್ಕರೆ. ಆದರೆ ನಮ್ಮ ಸರ್ಕಲ್‌ನಲ್ಲಿ ಹೂ ಮಾರುವ ಹೆಂಗಸರು ತಾವೇ ಗುಂಪು ಕಟ್ಟಿಕೊಂಡು ಹೋಗಿ ಕೇಳಿದರೆ ಈ ದುಡ್ಡು ಸಿಗುವುದಿಲ್ಲ. 1960ರ ಸಂಘಗಳ ನೋಂದಣಿ ಕಾಯ್ದೆ ಪ್ರಕಾರ ಏಳು ಜನ ಬೇಕು, ಬೈಲಾ ಬೇಕು. ಪ್ಯಾನ್ ಬೇಕು, ಆದಾಯ ತೆರಿಗೆ ಇಲಾಖೆಯ 12ಎ, 80ಜಿ ನೋಂದಣಿ ಬೇಕು. 2021ರ ಏಪ್ರಿಲ್‌ನಿಂದ ಸಿಎಸ್‌ಆರ್-1 ಅನ್ನುವ ನಮೂನೆ ಬೇರೆ, ಅದಕ್ಕೊಬ್ಬ ಲೆಕ್ಕ ಪರಿಶೋಧಕರ ಸಹಿ. ಇಷ್ಟೆಲ್ಲ ಇಟ್ಟುಕೊಂಡವರು ವಂಚಿತರು ಹೇಗಾಗ್ತಾರೆ? ಆದ್ದರಿಂದ ಕಾಗದ ಇರುವ ನಾವು, ಕಾಗದ ಇಲ್ಲದವರನ್ನು ಹುಡುಕಿಕೊಂಡು ಹೊರಟೆವು.

ದೂರ ಹೋಗಬೇಕಾಗಲಿಲ್ಲ. ನಮ್ಮ ರಸ್ತೆ ಗುಡಿಸುವ ಅಕ್ಕನನ್ನು ಖಜಾಂಚಿಗಳು ಗೇಟಿನ ಹತ್ತಿರವೇ ತಡೆದರು.

‘ಭಾನುವಾರ ಸ್ವಚ್ಛತಾ ಅಭಿಯಾನ ಕಣಮ್ಮ. ನೀನೂ ವಾಲಂಟಿಯರ್ ಆಗಿ ಬರಬೇಕು.’

ಅಕ್ಕ ಪೊರಕೆಯನ್ನು ಗೇಟಿಗೆ ಒರಗಿಸಿ, ಸೆರಗಿನಿಂದ ಮುಖ ಒರೆಸಿಕೊಂಡು, ‘ಏನ್ ಮಾಡ್ಬೇಕು ಸಾರ್?’ ಅಂದರು.

‘ರಸ್ತೆ ಗುಡಿಸೋದು.’

‘ದಿನಾ ಗುಡಿಸ್ತೀನಲ್ಲ ಸಾರ್.’

‘ಅದು ಕೆಲಸ. ಇದು ಸೇವೆ.’

ಅಕ್ಕ ಪೊರಕೆ ಎತ್ತಿಕೊಂಡು ಮುಂದಿನ ಮನೆಗೆ ಹೋದರು. ಖಜಾಂಚಿಗಳು ಪುಸ್ತಕ ತೆಗೆದು ಬರೆದುಕೊಂಡರು. ಹೆಸರು ಕೇಳಿರಲಿಲ್ಲವಲ್ಲ, ‘ಪೌರಕಾರ್ಮಿಕ ಮಹಿಳೆ: 1’ ಎಂದು ಬರೆದರು.

ಟೀ ಶರ್ಟ್ ಕಥೆ ಹೇಳದೆ ಮುಂದೆ ಹೋಗೋ ಹಾಗಿಲ್ಲ. ಬಣ್ಣದ ಚರ್ಚೆಯೇ ಒಂದೂವರೆ ಗಂಟೆ. ಕೇಸರಿ ಅಂದರೆ ಒಂದು ಪಕ್ಷ. ಹಸಿರು ಅಂದರೆ ಇನ್ನೊಂದು. ನೀಲಿಗೆ ಒಬ್ಬರು ಮುಖ ಸಿಂಡರಿಸಿದರು, ಯಾಕೆ ಅಂತ ಯಾರೂ ಕೇಳಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಹಳದಿ ಕೆಂಪು ನಮ್ಮ ಬಾವುಟ, ಬೇಡ ಅನ್ನೋಕೆ ಯಾರಿಗೂ ಧೈರ್ಯವಿಲ್ಲ. ಆದರೆ ಅದರ ಮೇಲೆ ಕಂಪನಿ ಲೋಗೊ ಕಾಣಲ್ಲ. ಕೊನೆಗೆ ಬೂದು ಬಣ್ಣ. ಕಮಿಟಿಯವರ ಹೊಟ್ಟೆ ನೋಡಿಕೊಂಡು ಅಳತೆ ಹೇಳಿದ್ದರಿಂದ ಪಿಯುಸಿ ಹುಡುಗಿಯರಿಗೆ ಅದು ಮೊಣಕಾಲಿನವರೆಗೆ ಬಂತು. ಎದೆಗೆ ಕಂಪನಿ ಲೋಗೊ, ಬೆನ್ನಿಗೆ ಸಂಘದ ಹೆಸರು. ‘ಸ್ವಯಂಸೇವಕ’ ಅಂತ ಬರೆಯೋಕೆ ಜಾಗ ಉಳಿಯಲಿಲ್ಲ.

ಟೀ ಶರ್ಟ್ 8,800. ಫ್ಲೆಕ್ಸ್ 1,500. (2018ರಿಂದ ಬೆಂಗಳೂರಿನಲ್ಲಿ ಫ್ಲೆಕ್ಸ್‌ಗೆ ನಿಷೇಧ ಇದೆ. ಸುಮ್ನೆ ಹೇಳಿದೆ.) ಅತಿಥಿಗಳಿಗೆ ಶಾಲು, ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿ 6,200. ಫೋಟೊ, ಡ್ರೋನ್ 5,000. ತಿಂಡಿ 3,500. ಲೆಕ್ಕ ಪಕ್ಕಾ. ಕಂಪನಿಯ ನಮೂನೆಯಲ್ಲಿ ‘ಸ್ವಯಂಸೇವಕರ ಓಡಾಟದ ಖರ್ಚು’ ಅಂತಲೂ ಒಂದು ಖಾನೆ ಇತ್ತು. ಅಲ್ಲಿ ಸೊನ್ನೆ.

ಮೂರನೇ ಕ್ರಾಸಿನ ಹುಡುಗನೊಬ್ಬ ಗಾಲಿಕುರ್ಚಿಯಲ್ಲಿ ಓಡಾಡುತ್ತಾನೆ. ಬಿಕಾಂ ಮಾಡಿದ್ದಾನೆ. ಸಂಘದ ಲೆಕ್ಕ ನಾನು ಬರೀತೀನಿ ಅಂತ ಎರಡು ವರ್ಷದಿಂದ ಕೇಳುತ್ತಿದ್ದ. ನಮ್ಮ ಆಫೀಸು ಮೊದಲನೇ ಮಹಡಿ, ಲಿಫ್ಟ್ ಇಲ್ಲ. ಸಭೆ ಸಮುದಾಯ ಭವನದಲ್ಲಿ ಇಡಿ, ಆಟೋಗೆ ಹೋಗಿಬರೋಕೆ 160 ರೂಪಾಯಿ ಕೊಡಿ ಅಂದ. ‘ಆಟೋದವನು ಬಿಲ್ ಕೊಡಲ್ಲ. ಬಿಲ್ ಇಲ್ಲದೆ ಬಳಕೆ ಪ್ರಮಾಣಪತ್ರದಲ್ಲಿ ಹೇಗೆ ತೋರಿಸಲಿ?’ ಅಂದರು ಖಜಾಂಚಿಗಳು. ಹೆಂಗಸರ ಬಸ್ ಚಾರ್ಜು? ‘ಶಕ್ತಿ ಯೋಜನೆ ಇದೆಯಲ್ಲ!’ ಮೈಸೂರು ಪೇಟಕ್ಕೆ ಮಾತ್ರ ಜಿಎಸ್‌ಟಿ ಬಿಲ್ ಸಿಗುತ್ತದೆ ನೋಡಿ.

ಸೇವೆ ಅನ್ನುವ ಮಾತು ಕೇಳಿದರೆ ಈಗೀಗ ನನಗೆ ಮೈ ಉರಿಯುತ್ತದೆ. ಆಶಾ ಕಾರ್ಯಕರ್ತೆಯರನ್ನು 2005ರಿಂದ ಸರ್ಕಾರಿ ಕಾಗದದಲ್ಲಿ ಸ್ವಯಂಸೇವಕಿಯರು ಅಂತಲೇ ಇಟ್ಟಿದ್ದಾರೆ. ಸಂಬಳ ಅಲ್ಲ, ಗೌರವಧನ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಪ್ರಶಸ್ತಿ ಕೊಟ್ಟಿತು. 2025ರ ಜನವರಿ ಚಳಿಯಲ್ಲಿ ಅದೇ ಹೆಣ್ಣುಮಕ್ಕಳು ದುಡ್ಡು ಕೊಡಿ ಅಂತ ಫ್ರೀಡಂ ಪಾರ್ಕಿನಲ್ಲಿ ಕೂತಿದ್ದರು. ಇವರನ್ನೆಲ್ಲ ಒಳಗೊಳ್ಳೋದು ಅಂದ್ರೇನು? ಗಣೇಶನ ಹಬ್ಬಕ್ಕೆ ಕಂಬ ನೆಟ್ಟವರು, ಸಂತರ್ಪಣೆಯ ಪಾತ್ರೆ ಬೆಳಗಿದವರು ಎಲ್ಲ ಒಳಗೇ ಇದ್ದಾರೆ. ಅವರಿಗೆ ಕಮಿಟಿಯಲ್ಲಿ ಒಂದು ಕುರ್ಚಿ ಕೊಡೋಕೆ ನಮಗೇ ಮನಸ್ಸಿಲ್ಲ. ನಮಗೆ ಅಂದರೆ, ನನಗೂ. ಬೂದು ಬಣ್ಣಕ್ಕೆ ಕೈ ಎತ್ತಿದವರಲ್ಲಿ ನಾನೂ ಒಬ್ಬ.

ಭಾನುವಾರ ಹುಡುಗನನ್ನು ಗಾಲಿಕುರ್ಚಿ ಸಮೇತ ನಾಲ್ಕು ಜನ ಮೆಟ್ಟಿಲ ಮೇಲೆ ಹೊತ್ತರು. ಮೊದಲ ಸಲ ಲೋಗೊ ಸರಿಯಾಗಿ ಬರಲಿಲ್ಲ. ಇಳಿಸಿ ಮತ್ತೆ ಹೊತ್ತರು. ಮೂರನೇ ಸಲ ಅವನು ‘ಸಾರ್, ನಿಧಾನ’ ಅಂದ. ವರದಿಯ ಮುಖಪುಟಕ್ಕೆ ಅದೇ ಫೋಟೊ. ಲೆಕ್ಕದ ಪುಸ್ತಕ ಇನ್ನೂ ಖಜಾಂಚಿಗಳ ಬೀರುವಿನಲ್ಲೇ ಇದೆ.

ಈ ವರ್ಷದ ನಮೂನೆ ತಿರುವಿ ನೋಡಿದೆ. ಓಡಾಟದ ಖರ್ಚಿನ ಖಾನೆಯನ್ನೇ ತೆಗೆದಿದ್ದಾರೆ. ಹೋದ ಸಲ ಯಾರೂ ಬಳಸಿಕೊಳ್ಳಲಿಲ್ಲವಂತೆ.