ರಾಜ-ರಾಣಿ ಅಮೆರಿಕ ನೋಡಿಕೊಂಡು ವಾಪಸ್ ಬಂದರು

ಇವತ್ತು ಬೆಳಿಗ್ಗೆ ಮನೆ ಬಾಗಿಲಿಗೆ ಒಂದು ಡಬ್ಬ ಬಂತು. ಮೇಲೆ ನನ್ನದೇ ಕೈಬರಹ. 2025ರ ಆಗಸ್ಟ್ 22ಕ್ಕೆ ನ್ಯೂಜೆರ್ಸಿಗೆ ಅಂತ ಕೊರಿಯರ್‌ಗೆ ಕೊಟ್ಟಿದ್ದ ಪಟ್ಟದ ಗೊಂಬೆ ಜೋಡಿ. ದಸರಾ ಮುಗಿದು, ದೀಪಾವಳಿನೂ ಮುಗಿದು, ನವೆಂಬರ್‌ನಲ್ಲಿ ರಾಜ-ರಾಣಿ ಇಬ್ಬರೂ ಮೈಸೂರಿಗೇ ಬಂದು ಇಳಿದಿದ್ದಾರೆ. ಹೋಗುವ ಖರ್ಚೂ ನನ್ನದು, ಬರುವ ಖರ್ಚೂ ನನ್ನದು. ನಾನೇ ಇನ್ನೂ ವಿಮಾನದಲ್ಲಿ ಚೆನ್ನೈ ದಾಟಿಲ್ಲ.

ಏನಾಯ್ತು ಅಂದ್ರೆ, ಜೂನ್‌ನಲ್ಲಿ ನ್ಯೂಜೆರ್ಸಿಯ ಹೆಣ್ಣುಮಗಳೊಬ್ಬರು ಆರ್ಡರ್ ಕೊಟ್ಟಾಗ ನಾನು ಧೈರ್ಯವಾಗಿ ಹೇಳಿದ್ದೆ, "800 ಡಾಲರ್ ಒಳಗಿನ ಪಾರ್ಸೆಲ್‌ಗೆ ಅಲ್ಲಿ ಸುಂಕ ಇಲ್ಲಮ್ಮ, ನೀವು ಒಂದು ಪೈಸೆನೂ ಕಟ್ಟಬೇಕಾಗಿಲ್ಲ" ಅಂತ. 2016ರಿಂದ ಇದ್ದ ನಿಯಮ ಅದು. ನನ್ನಂಥ ಮನೆಯಿಂದಲೇ ಅಂಗಡಿ ನಡೆಸುವವರೆಲ್ಲ ಅದರ ಮೇಲೆಯೇ ಬದುಕಿದ್ದೆವು. ಜುಲೈ 30ಕ್ಕೆ ಅಲ್ಲಿ ಒಂದು ಆದೇಶ ಬಂತು, ಆಗಸ್ಟ್ 29ರಿಂದ ಆ ವಿನಾಯಿತಿ ಯಾವ ದೇಶಕ್ಕೂ ಇಲ್ಲ ಅಂತ. ಸರಿಯಾಗಿ ಗಣೇಶ ಚತುರ್ಥಿ ದಿನ, ಆಗಸ್ಟ್ 27ಕ್ಕೆ, ನಮ್ಮ ದೇಶದ ಸರಕಿಗೆ ಅಲ್ಲಿ ಸುಂಕ ಶೇಕಡಾ 50 ಆಯಿತು. ನನ್ನ ಡಬ್ಬ ಅಲ್ಲಿಗೆ ತಲುಪಿದ್ದು ಅದರ ಮಾರನೇ ವಾರ. 48 ಡಾಲರ್‌ನ ಗೊಂಬೆಗೆ 24 ಡಾಲರ್ ಸುಂಕ, ಅದನ್ನು ಕಟ್ಟಿಸಿಕೊಟ್ಟಿದ್ದಕ್ಕೆ ಕೊರಿಯರ್‌ನವರ ಶುಲ್ಕ ಇನ್ನೊಂದು 17. ಆಕೆ ಪಾರ್ಸೆಲ್ ಬೇಡ ಅಂದರು. ನಾನು ಅವರ ಜಾಗದಲ್ಲಿದ್ದರೂ ಬೇಡ ಅಂತಲೇ ಅನ್ನುತ್ತಿದ್ದೆ. ಅವರಿಗೆ ನನ್ನ ಮೇಲೆ ಸಿಟ್ಟು, ನನಗೆ ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೋ ಗೊತ್ತಾಗದೆ ಗಂಡನ ಮೇಲೆ ಹಾಯ್ದೆ.

ಸ್ವಲ್ಪ ಕೇಳಿ, ನನ್ನ ತಕರಾರು 50 ಅನ್ನೋ ಸಂಖ್ಯೆಯ ಬಗ್ಗೆ ಅಲ್ಲ. 50 ಅಂದರೆ 50, ಬೆಲೆಗೆ ಸೇರಿಸಿ ಹೇಳುತ್ತೇನೆ, ಬೇಕಾದವರು ತಗೋತಾರೆ. ಆದರೆ ಏಪ್ರಿಲ್ 2ಕ್ಕೆ 26 ಅಂದರು. ಒಂದೇ ವಾರಕ್ಕೆ, ತಡೀರಿ, ಸದ್ಯಕ್ಕೆ 10 ಅಂದರು. ಆಗಸ್ಟ್ 7ಕ್ಕೆ 25, ಆಮೇಲೆ 50. ನನ್ನ ಗೊಂಬೆ ಹೋಗೋದು ದಸರಾಕ್ಕೆ, ಬೆಲೆ ಹೇಳೋದು ಜೂನ್‌ನಲ್ಲಿ. ಚನ್ನಪಟ್ಟಣದಲ್ಲಿ ನನಗೆ ಗೊಂಬೆ ಕಡೆದುಕೊಡುವ ಭಾಯ್ ಹಾಲೆ ಮರ ತಂದು ಒಣಗಿಸುವುದಕ್ಕೇ ತಿಂಗಳುಗಟ್ಟಲೆ ಬೇಕು. ಮರ ಒಣಗುವಷ್ಟು ಹೊತ್ತಾದರೂ ಒಂದು ದರ ನಿಲ್ಲಬೇಡವಾ? "ಅಕ್ಕಾ, ಮುಂದಿನ ಸಲಕ್ಕೆ ಎಷ್ಟು ಕಡೆಯಲಿ?" ಅಂತ ಮೊನ್ನೆ ಫೋನ್ ಮಾಡಿದ್ದರು. ಏನು ಹೇಳಲಿ? "ನೋಡಿ ಹೇಳ್ತೀನಿ ಭಾಯ್" ಅಂದೆ. ಏನು ನೋಡ್ತೀನಿ ಅಂತ ನನಗೇ ಗೊತ್ತಿಲ್ಲ.

ಅಂಚೆಯಲ್ಲಾದರೂ ಕಳಿಸೋಣ ಅಂದ್ರೆ ಆಗಸ್ಟ್ 25ರಿಂದ ಅಮೆರಿಕಕ್ಕೆ ಪಾರ್ಸೆಲ್ಲೇ ಬಂದ್. ಅಲ್ಲಿ ಸುಂಕ ಯಾರು ವಸೂಲಿ ಮಾಡಬೇಕು, ಹೇಗೆ ಕಟ್ಟಬೇಕು ಅನ್ನೋದು ತೀರ್ಮಾನ ಆಗಿರಲಿಲ್ಲ, ವಿಮಾನದವರು ಹೊರಲು ಒಪ್ಪಲಿಲ್ಲ. ಮತ್ತೆ ಶುರುವಾಗಿದ್ದು ಅಕ್ಟೋಬರ್ 15ಕ್ಕೆ. ಈಗ ಬುಕ್ ಮಾಡುವಾಗಲೇ ಸುಂಕ ಇಲ್ಲೇ ಕಟ್ಟಬಹುದು. ಒಳ್ಳೆಯ ಏರ್ಪಾಡೇ, ಇಲ್ಲ ಅನ್ನಲ್ಲ. ಆದರೆ ವಿಜಯದಶಮಿ ಅಕ್ಟೋಬರ್ 2ಕ್ಕೇ ಮುಗಿದಿತ್ತಲ್ಲ. ಮದುವೆ ಮುಗಿದ ಮೇಲೆ ವಾಲಗ ಊದಿದ ಹಾಗೆ.

ಇದನ್ನೆಲ್ಲ ಮನೆಯ ವಾಟ್ಸಾಪ್ ಗುಂಪಿನಲ್ಲಿ ಹೇಳಿಕೊಂಡರೆ ನಮ್ಮ ದೊಡ್ಡಪ್ಪನ ಮಗನ ಉಪದೇಶ: "ಸುಂಕ ಕಟ್ಟೋರು ಅಮೆರಿಕದವರು ಕಣೇ, ನಿನಗ್ಯಾಕೆ ತಲೆನೋವು?" ಅಣ್ಣಾ, ಕಟ್ಟೋದು ಅವರೇ, ಕಟ್ಟಲ್ಲ ಅನ್ನೋದೂ ಅವರೇ. ಆಗ ಡಬ್ಬ ಯಾರ ಮನೆಗೆ ಬರುತ್ತೆ? ಇನ್ನೊಬ್ಬರು, "ದೊಡ್ಡ ಕಂಪನಿಗಳೇ ನಿಭಾಯಿಸ್ತಿವೆ, ನೀನೂ ನಿಭಾಯಿಸು" ಅಂದರು. 2025ರಲ್ಲಿ ದೇವನಹಳ್ಳಿಯಲ್ಲಿ ಜೋಡಿಸಿದ ಐಫೋನ್ ಅಮೆರಿಕಕ್ಕೆ ಹೋದರೆ ಅದಕ್ಕೆ ಈ 50 ಇರಲಿಲ್ಲ, ಸ್ಮಾರ್ಟ್‌ಫೋನ್‌ಗೆ ವಿನಾಯಿತಿ ಕೊಟ್ಟಿದ್ದರು. ಅಲ್ಲಿಂದ ನೂರು ಕಿಲೋಮೀಟರ್ ಆಚೆ ಕಡೆದ ಮರದ ಗೊಂಬೆಗೆ ಇತ್ತು. ಹೇಗೆ ನಿಭಾಯಿಸಲಿ, ರಾಣಿಗೆ ಸಿಮ್ ಹಾಕಲಾ?

ಕಸ್ಟಮ್ಸ್ ಫಾರ್ಮ್ ಕಥೆ ಇನ್ನೊಂದು. ಅದರಲ್ಲಿ ಸರಕಿನ ಕೋಡ್ ಬರೆಯಬೇಕು: ಆಟಿಕೆ ಅಂದರೆ 9503, ಮರದ ಅಲಂಕಾರದ ಮೂರ್ತಿ ಅಂದರೆ 4420. ಪಟ್ಟದ ಗೊಂಬೆ ಆಟಿಕೆನಾ? ಚಿಕ್ಕವಳಿದ್ದಾಗ ಮುಟ್ಟಿದ್ದಕ್ಕೇ ಅಮ್ಮ ಕೈಮೇಲೆ ಬಾರಿಸಿದ್ದರು.

ಹಾಂ, ಒಂದು ಒಪ್ಪಿಕೊಂಡುಬಿಡುತ್ತೇನೆ. "ಗಿಫ್ಟ್ ಅಂತ ಬರೆದುಬಿಡಿ, 100 ಡಾಲರ್ ಒಳಗಿದ್ದರೆ ಸುಂಕ ಇಲ್ಲ" ಅಂತ ಗಿರಾಕಿಗಳು ಹೇಳುತ್ತಲೇ ಇರುತ್ತಾರೆ. ಎರಡು ಸಲ ಬರೆದಿದ್ದೇನೆ. ರಾತ್ರಿ ನಿದ್ದೆ ಬಂದಿಲ್ಲ, ಮೂರನೇ ಸಲ ಬರೆಯಲಿಲ್ಲ.

ಇನ್ನೂ ಒಂದಿದೆ. ಹಳೇ ಸ್ನೇಹಿತರು ಕಾಮೆಂಟಿನಲ್ಲಿ ಎತ್ತಿ ಆಡುವ ಮೊದಲು ನಾನೇ ಹೇಳುತ್ತೇನೆ. 2020ರಲ್ಲಿ ನಮ್ಮ ಸರ್ಕಾರ ಹೊರಗಿನ ಆಟಿಕೆಗಳ ಸುಂಕವನ್ನು 20ರಿಂದ 60ಕ್ಕೆ ಏರಿಸಿದಾಗ ಇದೇ ಗೋಡೆಯ ಮೇಲೆ ಚಪ್ಪಾಳೆ ತಟ್ಟಿದವಳು ನಾನು. 2023ರಲ್ಲಿ 70 ಆದಾಗಲೂ. ಚೀನಾದಿಂದ ಆಟಿಕೆ ತರಿಸಿ ಮಾರುತ್ತಿದ್ದ ಪರಿಚಯದವರೊಬ್ಬರು ಆಗ "ನಮ್ಮ ಅಂಗಡಿ ಕಥೆ ಏನಮ್ಮ?" ಅಂತ ಕೇಳಿದ್ದರು. "ನಮ್ಮ ಮಕ್ಕಳು ನಮ್ಮ ಗೊಂಬೆಯಲ್ಲೇ ಆಡಲಿ ಸಾರ್" ಅಂತ ಉತ್ತರ ಕೊಟ್ಟು ಒಂದು ನಗುವ ಮುಖ ಬೇರೆ ಹಾಕಿದ್ದೆ. ಇವತ್ತು ಡಬ್ಬ ಬಿಚ್ಚುವಾಗ ಆ ನಗುವ ಮುಖವೇ ನೆನಪಾಯಿತು. ಆದರೂ ಬಿಡಲ್ಲ, ಒಂದು ಮಾತು ಹೇಳಿಯೇ ತೀರುತ್ತೇನೆ. ಆ 60 ಮೂರು ವರ್ಷ 60 ಆಗಿಯೇ ಇತ್ತು. ಅಂಗಡಿಯವರು ಬೈದುಕೊಂಡಾದರೂ ಲೆಕ್ಕ ಹಾಕಬಹುದಿತ್ತು. ಇಲ್ಲಿ ಬೈಯುವಷ್ಟರಲ್ಲಿ ದರ ಬದಲಾಗಿರುತ್ತೆ.

ಈಗ ಅಟ್ಲಾಂಟಾದಿಂದ ಒಬ್ಬರು ಸಂಕ್ರಾಂತಿಗೆ ಎಳ್ಳು ಬೀರಲು ಇಪ್ಪತ್ತು ಮರದ ಕುಂಕುಮದ ಭರಣಿ ಕೇಳಿದ್ದಾರೆ. ಬೆಲೆ ಟೈಪ್ ಮಾಡಿದೆ, ಅಳಿಸಿದೆ, ಮತ್ತೆ ಮಾಡಿದೆ. ಕೊನೆಗೆ "ಇವತ್ತಿನ ಮಟ್ಟಿಗೆ" ಅಂತ ಮುಂದೆ ಸೇರಿಸಿ ಕಳಿಸಿದೆ. ತರಕಾರಿ ಮಾರಿದ ಹಾಗೆ. ಇನ್ನೂ ಉತ್ತರ ಬಂದಿಲ್ಲ.

ಅಂದ ಹಾಗೆ ವಾಪಸ್ ಬಂದ ಜೋಡಿ ಮಾರಾಟಕ್ಕಿದೆ. ರಾಜ ಸರಿಯಾಗಿದ್ದಾನೆ, ರಾಣಿಯ ಮೂಗು ಸ್ವಲ್ಪ ಉಜ್ಜಿಹೋಗಿದೆ. ಮೈಸೂರು, ಬೆಂಗಳೂರಿನವರು ಇನ್‌ಬಾಕ್ಸ್‌ಗೆ ಬನ್ನಿ, ಹೇಳಿದ ಬೆಲೆಗೇ ಕೊಡುತ್ತೇನೆ.